ಸಿಇಒ ಸಂಬಳದ ಕರಾರು: ಆರ್ ಅಂಡ್ ಡಿಗೆ ಕತ್ತರಿ ಬೀಳದಂತೆ ಬರೆಯುವ ಬಗೆ

ಸ್ವಂತ ಉತ್ಪನ್ನ ಮಾರಿ ಬದುಕುವ ತಂತ್ರಜ್ಞಾನ ಕಂಪನಿಯಲ್ಲಿ ಸಿಇಒ ಸಂಬಳದ ಮಾತು ಬಂದರೆ ಚರ್ಚೆಯೆಲ್ಲ ಮೊತ್ತದ ಸುತ್ತಲೇ ನಡೆಯುತ್ತದೆ: ಎಷ್ಟು ಕೋಟಿ, ಪಕ್ಕದ ಕಂಪನಿಯವರು ಎಷ್ಟು ಕೊಡುತ್ತಾರೆ, ಪತ್ರಿಕೆಯವರು ಏನು ಬರೆದಾರು. ಆ ಹಣವನ್ನು ಯಾವ ಅಳತೆಗೆ ಕಟ್ಟಿದ್ದೇವೆ, ಎಷ್ಟು ವರ್ಷಕ್ಕೆ ಕಟ್ಟಿದ್ದೇವೆ ಎಂದು ಕೇಳುವವರು ಕಡಿಮೆ. ಹೊಸ ಉತ್ಪನ್ನ ಉಳಿಯುವುದೂ ಸಾಯುವುದೂ ಈ ಎರಡು ಪ್ರಶ್ನೆಗಳ ಮೇಲೆ. ಷೇರುಪೇಟೆಯಲ್ಲಿರುವ ಮಧ್ಯಮ ಗಾತ್ರದ ಭಾರತೀಯ ಕಂಪನಿಯ ನಾಮನಿರ್ದೇಶನ ಮತ್ತು ಸಂಭಾವನಾ ಸಮಿತಿ, ಎಲ್ಲರ ಬಾಯಲ್ಲಿ ಎನ್‌ಆರ್‌ಸಿ, ಇದರ ಸದಸ್ಯರನ್ನೂ ಅವರಿಗೆ ಕಡತ ಸಿದ್ಧಪಡಿಸುವ ಕಂಪನಿ ಸೆಕ್ರೆಟರಿಯನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ವಾರ್ಷಿಕ ವರದಿ ಓದುವ ಸಣ್ಣ ಷೇರುದಾರರಿಗೂ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ತೊಂದರೆ ಹುಟ್ಟುವ ಜಾಗ

ಲೆಕ್ಕಪತ್ರದ ನಿಯಮದಿಂದ ಶುರುಮಾಡಬೇಕು. ಹತ್ತು ಕೋಟಿಯ ಯಂತ್ರ ತಂದರೆ ಅದರ ಖರ್ಚು ಸವಕಳಿಯಾಗಿ ಹಲವು ವರ್ಷಗಳಿಗೆ ಹಂಚಿಹೋಗುತ್ತದೆ. ಹತ್ತು ಕೋಟಿಯ ಸಂಶೋಧನೆ ಮಾಡಿದರೆ ಭಾರತೀಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 38ರ ಪ್ರಕಾರ ಇಡೀ ಮೊತ್ತ ಅದೇ ವರ್ಷದ ಲಾಭದಿಂದ ಕಳೆಯುತ್ತದೆ. ಅಭಿವೃದ್ಧಿ ಹಂತದ ಖರ್ಚನ್ನು ಮಾತ್ರ, ಆರು ಷರತ್ತು ಪೂರೈಸಿದರೆ, ಆಸ್ತಿಯಾಗಿ ತೋರಿಸಬಹುದು. ಹಾಗಾಗಿ ವರ್ಷದ ಲಾಭ ಏರಿಸಲು ಆರ್ ಅಂಡ್ ಡಿ, ಅಂದರೆ ಸಂಶೋಧನೆ ಮತ್ತು ಅಭಿವೃದ್ಧಿ, ನಿಲ್ಲಿಸುವಷ್ಟು ಸುಲಭದ ದಾರಿ ಬೇರೆ ಇಲ್ಲ. ಗ್ರಾಹಕ ದೂರುವುದಿಲ್ಲ, ಕಾರ್ಖಾನೆ ನಿಲ್ಲುವುದಿಲ್ಲ, ಆ ತ್ರೈಮಾಸಿಕದಲ್ಲಿ ಯಾರಿಗೂ ಗೊತ್ತಾಗುವುದೇ ಇಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ 400 ಹಣಕಾಸು ಮುಖ್ಯಸ್ಥರ ಪೈಕಿ 80% ಮಂದಿ, ಲಾಭದ ಗುರಿ ಮುಟ್ಟಲು ಆರ್ ಅಂಡ್ ಡಿ, ಜಾಹೀರಾತು, ನಿರ್ವಹಣೆಯಂಥ ಖರ್ಚು ಕಡಿತ ಮಾಡುತ್ತೇವೆ ಎಂದೇ ಹೇಳಿದ್ದರು.

ಇದು ಒಬ್ಬ ಸಿಇಒ ಜೇಬಿನಲ್ಲಿ ಹೇಗೆ ಕಾಣುತ್ತದೆ ಎಂದು ಉದಾಹರಣೆ ಹಿಡಿದು ನೋಡೋಣ. ವಹಿವಾಟು 600 ಕೋಟಿ, ಆರ್ ಅಂಡ್ ಡಿ ಬಜೆಟ್ 60 ಕೋಟಿ, ಅದೆಲ್ಲ ಕಳೆದ ಮೇಲೆ ಎಬಿಟಾ ಗುರಿ 100 ಕೋಟಿ. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭವೇ ಎಬಿಟಾ. ಗುರಿ ಮುಟ್ಟಿದರೆ ಬೋನಸ್ 1.5 ಕೋಟಿ. 90 ಕೋಟಿಗೆ ಅದರ ಅರ್ಧ, 100ಕ್ಕೆ ಪೂರ್ತಿ, 110ಕ್ಕೆ ಒಂದೂವರೆ ಪಟ್ಟು, ನಡುವೆ ಅನುಪಾತದಂತೆ. 90ಕ್ಕಿಂತ ಕೆಳಗೆ ಏನೂ ಇಲ್ಲ. ಡಿಸೆಂಬರ್‌ನಲ್ಲಿ ಅಂದಾಜು ಹಾಕಿದಾಗ ಎಬಿಟಾ 92 ಕೋಟಿಗೆ ನಿಲ್ಲುವಂತೆ ಕಾಣುತ್ತದೆ ಎನ್ನಿ. ಬೋನಸ್ 60%, ಅಂದರೆ 90 ಲಕ್ಷ. ಹೊಸ ಸರ್ಕ್ಯೂಟ್ ಬೋರ್ಡಿನ ಪ್ರೊಟೊಟೈಪ್ (ಪ್ರಾಯೋಗಿಕ ಮಾದರಿ) ಆರ್ಡರ್ ಏಪ್ರಿಲ್‌ಗೆ ದೂಡಿ, ಎಂಜಿನಿಯರುಗಳ ನೇಮಕಾತಿ ನಿಲ್ಲಿಸಿದರೆ 8 ಕೋಟಿ ಉಳಿಯುತ್ತದೆ. ಎಬಿಟಾ 100, ಬೋನಸ್ 1.5 ಕೋಟಿ. ಎರಡು ಇಮೇಲ್‌ಗೆ 60 ಲಕ್ಷ. ಉತ್ಪನ್ನ ಒಂದು ವರ್ಷ ತಡವಾಗಿ ಬಂದದ್ದು ಲೆಕ್ಕಕ್ಕೆ ಸಿಗುವಾಗ ಮೂರು ವರ್ಷ ಕಳೆದಿರುತ್ತದೆ. ಆ ಸಿಇಒ ಕೆಟ್ಟವರೆಂದು ಇದರ ಅರ್ಥವಲ್ಲ. ಸಮಿತಿಯೇ ಬರೆದುಕೊಟ್ಟ ಕರಾರನ್ನು ಅವರು ಚೆನ್ನಾಗಿ ಓದಿಕೊಂಡಿದ್ದಾರೆ, ಅಷ್ಟೇ.

ಮೊದಲು ಉತ್ಪನ್ನದ ಕಾಲ ಅಳೆಯಿರಿ

ಸಲಹೆಗಾರರ ಸ್ಲೈಡ್ ತೆರೆಯುವ ಮುನ್ನ ಸಿಟಿಒ (ತಂತ್ರಜ್ಞಾನ ಮುಖ್ಯಸ್ಥ) ಅವರನ್ನು ಕೂರಿಸಿಕೊಂಡು ಹಿಂದಿನ ಮೂರು-ನಾಲ್ಕು ಉತ್ಪನ್ನಗಳ ದಿನಾಂಕ ಬರೆಸಿಕೊಳ್ಳಿ: ಬಜೆಟ್ ಮಂಜೂರಾದ ದಿನ, ಮೊದಲ ಪ್ರೊಟೊಟೈಪ್, ಮೊದಲ ಗ್ರಾಹಕನ ಇನ್‌ವಾಯ್ಸ್, ಹಾಕಿದ ಹಣ ವಾಪಸ್ ಬಂದ ತ್ರೈಮಾಸಿಕ. ಸಾಫ್ಟ್‌ವೇರ್ ಸೇವೆಯಾದರೆ ಮೊದಲ ದಿನದಿಂದ ಇನ್‌ವಾಯ್ಸ್‌ವರೆಗೆ ಒಂದೂವರೆ-ಎರಡು ವರ್ಷ ಸಾಮಾನ್ಯ. ಟೆಲಿಕಾಂ ಉಪಕರಣ, ಚಿಪ್ ವಿನ್ಯಾಸ ಮೂರು-ನಾಲ್ಕು ವರ್ಷ ಬೇಡುತ್ತವೆ. ಅನುಮತಿ ಬೇಕಾದ ವೈದ್ಯಕೀಯ ಸಾಧನ ಇನ್ನೂ ನಿಧಾನ. ದೀರ್ಘಾವಧಿ ಸಂಭಾವನೆಯ ಅವಧಿ ಈ ಕಾಲಕ್ಕಿಂತ ಕಡಿಮೆ ಇರಕೂಡದು.

ಇಲ್ಲೊಂದು ಕಾನೂನಿನ ತೊಡಕಿದೆ. ಸಿಇಒ ಮ್ಯಾನೇಜಿಂಗ್ ಡೈರೆಕ್ಟರ್ (ಎಂ.ಡಿ.) ಕೂಡ ಆಗಿದ್ದರೆ, ಕಂಪನಿ ಕಾಯ್ದೆ 2013ರ 196ನೇ ಸೆಕ್ಷನ್ ಪ್ರಕಾರ ಅವರನ್ನು ಒಂದು ಸಲಕ್ಕೆ ಐದು ವರ್ಷಕ್ಕಿಂತ ಹೆಚ್ಚು ಅವಧಿಗೆ ನೇಮಿಸುವಂತಿಲ್ಲ. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಮೊದಲು ಮರುನೇಮಕವನ್ನೂ ಮಾಡುವಂತಿಲ್ಲ. ನಾಲ್ಕು ವರ್ಷದ ಉತ್ಪನ್ನವನ್ನು ಮೂರನೇ ವರ್ಷದಲ್ಲಿ ಶುರುಮಾಡುವ ಎಂ.ಡಿ.ಗೆ ಅದರ ಫಲ ಕಾಣುವ ಖಾತರಿಯಿಲ್ಲ. ಆದ್ದರಿಂದ ಅವಧಿ ಮುಗಿದು ಗೌರವದಿಂದ ಹೊರಟವರಿಗೆ, ಆಗಲೇ ಕೊಟ್ಟಿರುವ ಷೇರುಗಳು ಮೂಲ ವೇಳಾಪಟ್ಟಿಯಂತೆಯೇ ಕೈಸೇರುತ್ತವೆ ಎಂಬ ಷರತ್ತನ್ನು ಯೋಜನೆಯೊಳಗೇ ಬರೆಯಿರಿ. ಎಷ್ಟು ತಿಂಗಳು ಕೆಲಸ ಮಾಡಿದರೋ ಆ ಅನುಪಾತದಲ್ಲಿ ಸಾಕು. ಹೊರಟ ದಿನವೇ ಎಲ್ಲವನ್ನೂ ವೆಸ್ಟ್ ಮಾಡಿಕೊಡುವ, ಅಂದರೆ ಅವರ ಸ್ವಂತವಾಗಿಸುವ, ಪದ್ಧತಿ ಬೇಡ. ಅವರು ಬಿಟ್ಟುಹೋದ ಉತ್ಪನ್ನದ ಹಣೆಬರಹ ಅವರ ಜೇಬಿಗೂ ತಟ್ಟಬೇಕು.

ಮೂರು ಪಾಲು

ಒಟ್ಟು ಸಂಭಾವನೆಯನ್ನು ಗುರಿ ಮುಟ್ಟಿದ ವರ್ಷದ ಲೆಕ್ಕದಲ್ಲಿ ಸುಮಾರು ಹೀಗೆ ಹಂಚಿ: ನಿಶ್ಚಿತ ಸಂಬಳ 30–35%, ವಾರ್ಷಿಕ ಬೋನಸ್ 15–20%, ದೀರ್ಘಾವಧಿ ಷೇರು 45–55%. ಉತ್ಪನ್ನದ ಕಾಲ ಉದ್ದವಾದಷ್ಟೂ ಬೋನಸ್ ಪಾಲು ಇಳಿಸಿ. ನಿಶ್ಚಿತ ಸಂಬಳವನ್ನು ತೀರಾ ಕೆಳಗಿಳಿಸುವುದೂ ತಪ್ಪೇ. ಮಕ್ಕಳ ಫೀಸು, ಮನೆ ಸಾಲದ ಕಂತು ಬೋನಸ್ಸಿನಿಂದಲೇ ಹೋಗಬೇಕಾದವರು ಅನಿಶ್ಚಿತ ಪ್ರಾಜೆಕ್ಟಿಗೆ ಸಹಿ ಹಾಕುವುದಿಲ್ಲ.

ವಾರ್ಷಿಕ ಬೋನಸ್: ಆರ್ ಅಂಡ್ ಡಿ ಕಡಿತದಿಂದ ಲಾಭವಾಗದ ಸೂತ್ರ

ನಮ್ಮ ಮಟ್ಟಿಗೆ ಇಡೀ ಕರಾರಿನಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಸಾಲು ಇದು: ಬೋನಸ್ ಲೆಕ್ಕಕ್ಕೆ ಎಬಿಟಾ ಬದಲು "ಆರ್ ಅಂಡ್ ಡಿ ಕಳೆಯುವ ಮೊದಲಿನ ಎಬಿಟಾ" ಬಳಸಿ.

ಮೇಲಿನ ಉದಾಹರಣೆಗೇ ಹಚ್ಚಿ ನೋಡಿ. ಗುರಿ 100 + 60 = 160 ಕೋಟಿ. ಕಡಿತ ಮಾಡದಿದ್ದರೆ 92 + 60 = 152. ಎಂಟು ಕೋಟಿ ಕಡಿತ ಮಾಡಿದರೆ 100 + 52 = 152. ಎರಡೂ ಒಂದೇ. ಡಿಸೆಂಬರ್‌ನ ಆ ಎರಡು ಇಮೇಲ್‌ಗೆ ಈಗ ಬೆಲೆಯಿಲ್ಲ. ಮಾರಾಟ ಹೆಚ್ಚಿಸುವುದು, ಆಫೀಸ್ ಬಾಡಿಗೆ ಇಳಿಸುವುದು, ಬಾಕಿ ವಸೂಲಿ ಇವುಗಳಿಂದ ಬಂದ ಲಾಭಕ್ಕೆ ಮಾತ್ರ ಬೋನಸ್ ಸಿಗುತ್ತದೆ.

ಸೂತ್ರ ಬದಲಿಸುವಾಗ ನಾಲ್ಕು ಕಡೆ ಎಡವುತ್ತಾರೆ.

ಒಂದು, ಶೇಕಡಾವಾರು ಮಟ್ಟಗಳನ್ನು ಹಾಗೇ ಉಳಿಸುವುದು. ಹಳೆಯ ಸೂತ್ರದಲ್ಲಿ ಅರ್ಧ ಬೋನಸ್‌ನ ಗೆರೆ ಗುರಿಯ 90%, ಅಂದರೆ ಗುರಿಗಿಂತ 10 ಕೋಟಿ ಕೆಳಗೆ. ಹೊಸ ಬುಡ 160 ಆದಾಗ 90% ಎಂದರೆ 144. ಅಂತರ 16 ಕೋಟಿಗೆ ಹಿಗ್ಗಿ ಸಿಇಒಗೆ ಪುಕ್ಕಟೆ ಸಡಿಲಿಕೆ ಸಿಕ್ಕಂತಾಯಿತು. ಮಟ್ಟಗಳನ್ನು ರೂಪಾಯಿಯಲ್ಲೇ ಬರೆಯಿರಿ: 150ಕ್ಕೆ ಅರ್ಧ, 160ಕ್ಕೆ ಪೂರ್ತಿ, 170ಕ್ಕೆ ಒಂದೂವರೆ. ಆಗ 152 ಕೋಟಿಗೆ ಮೊದಲಿನಂತೆಯೇ 60%, 90 ಲಕ್ಷ.

ಎರಡು, ಬೇರೆ ಖರ್ಚು ಆರ್ ಅಂಡ್ ಡಿ ವೇಷ ಹಾಕಿಕೊಂಡು ಬರುವುದು. ಮರಳಿ ಕೂಡಿಸುತ್ತಾರೆಂದು ಗೊತ್ತಾದ ಕೂಡಲೇ ಪ್ರೀ-ಸೇಲ್ಸ್ ಎಂಜಿನಿಯರುಗಳ ಸಂಬಳ, ಗ್ರಾಹಕ ಬೆಂಬಲ, ಹಳೆಯ ಉತ್ಪನ್ನದ ದೋಷ ತಿದ್ದುವ ತಂಡ ಎಲ್ಲವೂ ಆರ್ ಅಂಡ್ ಡಿ ಖಾತೆಗೆ ಬಂದು ಬೀಳುತ್ತವೆ. ಯಾವ ಕಾಸ್ಟ್ ಸೆಂಟರುಗಳು (ಖರ್ಚು ಬರೆದಿಡುವ ವಿಭಾಗಗಳು) ಸೇರುತ್ತವೆ ಎಂಬ ಪಟ್ಟಿಯನ್ನು ಏಪ್ರಿಲ್‌ನಲ್ಲೇ ಕರಾರಿಗೆ ಲಗತ್ತಿಸಿ, ವರ್ಷದ ನಡುವೆ ಬದಲಿಸಬೇಡಿ, ಆಂತರಿಕ ಲೆಕ್ಕಪರಿಶೋಧಕರಿಂದ ವರ್ಷಕ್ಕೊಮ್ಮೆ ತಾಳೆ ನೋಡಿಸಿ. ಮರಳಿ ಕೂಡಿಸುವ ಮೊತ್ತಕ್ಕೆ ಮಂಡಳಿ ಒಪ್ಪಿದ ಬಜೆಟ್ಟೇ ಮಿತಿ. 60 ಕೋಟಿ ಒಪ್ಪಿದ ಕಡೆ 68 ಖರ್ಚಾದರೆ ಹೆಚ್ಚಿನ 8 ಕೋಟಿ ಲಾಭದಿಂದಲೇ ಕಳೆಯಲಿ.

ಮೂರು, ಆಸ್ತಿಯಾಗಿ ತೋರಿಸಿದ ಅಭಿವೃದ್ಧಿ ಖರ್ಚನ್ನೂ ಮರಳಿ ಕೂಡಿಸುವುದು. ಅದು ಲಾಭದಿಂದ ಕಳೆದೇ ಇಲ್ಲ. ಮತ್ತೆ ಕೂಡಿಸಿದರೆ ಎರಡು ಸಲ ಎಣಿಸಿದಂತೆ. ಲಾಭ-ನಷ್ಟ ಪಟ್ಟಿಯಲ್ಲಿ ಖರ್ಚಾಗಿ ಬಿದ್ದದ್ದನ್ನಷ್ಟೇ ಕೂಡಿಸಿ. ಹೀಗೆ ಮಾಡಿದಾಗ ಖರ್ಚನ್ನು ಆಸ್ತಿ ಖಾತೆಗೆ ದಾಟಿಸಿ ಎಬಿಟಾ ಉಬ್ಬಿಸುವ ಹಳೆಯ ಉಪಾಯವೂ ಕೆಲಸ ಮಾಡುವುದಿಲ್ಲ.

ನಾಲ್ಕು, ಮಿಗಿಸಿದ ಬಜೆಟ್. ಕಡಿತದಿಂದ ಲಾಭವಿಲ್ಲ ಎಂದ ಮಾತ್ರಕ್ಕೆ ಖರ್ಚು ಸರಿಯಾಗಿ ನಡೆಯಿತು ಎಂದಾಗುವುದಿಲ್ಲ. ಒಪ್ಪಿದ ಬಜೆಟ್‌ನ 85%ಕ್ಕಿಂತ ಕಡಿಮೆ ಖರ್ಚಾಗಿದ್ದರೆ ಎನ್‌ಆರ್‌ಸಿ ಮುಂದೆ ಲಿಖಿತ ಕಾರಣ ಬರಬೇಕು. ಪ್ರಾಜೆಕ್ಟ್ ಕೈಬಿಟ್ಟಿದ್ದರೆ ಸರಿ. ಎಂಜಿನಿಯರುಗಳು ಸಿಗಲಿಲ್ಲ ಎಂದರೆ ಮಾನವ ಸಂಪನ್ಮೂಲದವರನ್ನು ಕರೆಸಿ ಕೇಳಿ.

ಬೋನಸ್ಸಿನ ಮುಕ್ಕಾಲು ಭಾಗ ಈ ಸೂತ್ರಕ್ಕಿರಲಿ, ಕಾಲು ಭಾಗ ಉತ್ಪನ್ನದ ಮೈಲಿಗಲ್ಲುಗಳಿಗೆ. ಮೈಲಿಗಲ್ಲು ಬರೆಯುವುದರಲ್ಲೇ ಎಲ್ಲ ಇದೆ. "ಹೊಸ ರೂಟರ್ ಅಭಿವೃದ್ಧಿಯಲ್ಲಿ ತೃಪ್ತಿಕರ ಪ್ರಗತಿ" ಎಂದು ಬರೆದರೆ ಮಾರ್ಚ್‌ನಲ್ಲಿ ಎಲ್ಲರಿಗೂ ತೃಪ್ತಿಯಾಗಿರುತ್ತದೆ. "ಜನವರಿ 31ರೊಳಗೆ ಇಬ್ಬರು ಗ್ರಾಹಕರ ಜಾಲದಲ್ಲಿ ತಲಾ 20 ಘಟಕ, ಸತತ 60 ದಿನ, 99.9% ಚಾಲನೆ, ಗ್ರಾಹಕರ ಸಹಿ" ಎಂದು ಬರೆದರೆ ಆಯಿತು ಅಥವಾ ಆಗಲಿಲ್ಲ, ಎರಡೇ ಉತ್ತರ. ವರ್ಷಕ್ಕೆ ಮೂರು ಸಾಕು, ಐದಾದರೆ ಯಾವುದಕ್ಕೂ ತೂಕವಿಲ್ಲ. ಒಂದು ಪ್ರಾಜೆಕ್ಟನ್ನು ಕಾಲಕ್ಕೆ ಸರಿಯಾಗಿ, ಕಾರಣ ಸಹಿತ ನಿಲ್ಲಿಸಿದರೆ ಆ ಮೈಲಿಗಲ್ಲು ಅರ್ಧ ಮುಟ್ಟಿದಂತೆ ಎಂದು ಸೇರಿಸಿ. ಆಲ್ಫಾಬೆಟ್‌ನ ಎಕ್ಸ್ ಪ್ರಯೋಗಾಲಯದಲ್ಲಿ ತಮ್ಮದೇ ಪ್ರಾಜೆಕ್ಟನ್ನು ತಾವೇ ನಿಲ್ಲಿಸಿದ ತಂಡಗಳಿಗೆ ಬೋನಸ್ ಕೊಡುವುದಾಗಿ ಅದರ ಮುಖ್ಯಸ್ಥ ಆಸ್ಟ್ರೊ ಟೆಲ್ಲರ್ 2016ರಲ್ಲಿ ವೇದಿಕೆಯ ಮೇಲೆಯೇ ಹೇಳಿದ್ದರು. ನಿಲ್ಲಿಸಲು ಹೆದರುವ ಕಡೆ ಸತ್ತ ಪ್ರಾಜೆಕ್ಟುಗಳು ಬದುಕಿರುವ ಪ್ರಾಜೆಕ್ಟುಗಳ ದುಡ್ಡು ತಿನ್ನುತ್ತಿರುತ್ತವೆ.

ನಾವೀನ್ಯವನ್ನು ಅಳೆಯುವ ಅಳತೆಗಳು

ಪೇಟೆಂಟ್ ಸಂಖ್ಯೆ ಎಲ್ಲರಿಗೂ ಮೊದಲು ಹೊಳೆಯುವ ಅಳತೆ, ಎಲ್ಲಕ್ಕಿಂತ ಸುಲಭವಾಗಿ ಕೆಡುವ ಅಳತೆಯೂ ಅದೇ. ಭಾರತದಲ್ಲಿ ದೊಡ್ಡ ಕಂಪನಿಯೊಂದು ಆನ್‌ಲೈನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಲು ಮೂಲ ಶುಲ್ಕ 8,000 ರೂಪಾಯಿ, ನವೋದ್ಯಮಕ್ಕಾದರೆ 1,600. ಅರ್ಜಿ ಎಣಿಸಿ ಬೋನಸ್ ಕೊಟ್ಟರೆ ಒಂದೇ ಆವಿಷ್ಕಾರ ಹತ್ತು ಚೂರಾಗಿ ಹತ್ತು ಅರ್ಜಿಯಾಗುತ್ತದೆ. ಮಂಜೂರಾದ ಪೇಟೆಂಟನ್ನೇ ಎಣಿಸಿ. ಅದಕ್ಕಿಂತ ಒಳ್ಳೆಯದು, ಹಣ ಕಟ್ಟಿ ನವೀಕರಿಸಿದ್ದನ್ನು ಎಣಿಸುವುದು. ಮೂರನೇ ವರ್ಷದಿಂದ ನವೀಕರಣ ಶುಲ್ಕ ಶುರುವಾಗಿ 20 ವರ್ಷದ ಆಯಸ್ಸಿನುದ್ದಕ್ಕೂ ಏರುತ್ತಾ ಹೋಗುವುದರಿಂದ, ಕೆಲಸಕ್ಕೆ ಬಾರದ್ದನ್ನು ಕಂಪನಿ ತಾನಾಗಿಯೇ ಬಿಟ್ಟುಬಿಡುತ್ತದೆ. ಏನೇ ಆದರೂ ಪೇಟೆಂಟ್‌ಗೆ 10%ಕ್ಕಿಂತ ಹೆಚ್ಚು ತೂಕ ಕೊಡಬೇಡಿ. ಸಾಫ್ಟ್‌ವೇರ್ ಕಂಪನಿಯಾದರೆ ಸೊನ್ನೆಯೂ ಸರಿಯೇ.

ಆರ್ ಅಂಡ್ ಡಿ ಖರ್ಚಿನ ಶೇಕಡಾವಾರನ್ನು ಗುರಿಯಾಗಿ ಇಡಲೇಬೇಡಿ. ಖರ್ಚು ಮಾಡುವುದು ಯಾರಿಗೂ ಕಷ್ಟವಲ್ಲ.

ನಮಗೆ ಒಪ್ಪುವ ಅಳತೆ ಹೊಸ ಉತ್ಪನ್ನದ ಒಟ್ಟು ಲಾಭ: ಮೊದಲ ಇನ್‌ವಾಯ್ಸ್ ಆಗಿ 36 ತಿಂಗಳೊಳಗಿನ ಉತ್ಪನ್ನಗಳಿಂದ ಬಂದ ಮಾರಾಟದಲ್ಲಿ ಅವುಗಳ ನೇರ ವೆಚ್ಚ ಕಳೆದು ಉಳಿದ ರೂಪಾಯಿ. ಹಲವು ಕಂಪನಿಗಳು ಇದನ್ನು ಒಟ್ಟು ಮಾರಾಟದ ಶೇಕಡಾವಾರಾಗಿ ಇಡುತ್ತವೆ. ಅದರಲ್ಲಿ ಒಂದು ಗುಂಡಿ ಇದೆ. ಹಳೆಯ ಉತ್ಪನ್ನದ ಮಾರಾಟ ಕುಸಿದರೂ ಶೇಕಡಾವಾರು ಏರುತ್ತದೆ, ಕಂಪನಿ ಕುಗ್ಗಿದ ವರ್ಷವೇ ಸಿಇಒ "ನಾವೀನ್ಯ" ಬೋನಸ್ ಪಡೆಯುತ್ತಾರೆ. ರೂಪಾಯಿಯಲ್ಲಿ ಇಟ್ಟರೆ ಆ ತೊಂದರೆ ಇಲ್ಲ. ಮಾರಾಟದ ಬದಲು ಒಟ್ಟು ಲಾಭ ಯಾಕೆಂದರೆ, ಬರೀ ಮಾರಾಟ ಎಣಿಸಿದರೆ ಹೊಸದನ್ನು ನಷ್ಟಕ್ಕೆ ಹಂಚಿ ಅಂಕ ಗಳಿಸಬಹುದು. ಯಾವುದು ಹೊಸದು ಎಂಬುದನ್ನು ಬಿಡುಗಡೆಗೆ ಮೊದಲೇ ತಂತ್ರಜ್ಞಾನ ಸಮಿತಿ ದಾಖಲಿಸಿರಬೇಕು. ಬಿಡುಗಡೆಯಾದ ಮೇಲೆ ತೀರ್ಮಾನಿಸಲು ಕೂತರೆ ಹೊಸ ಬಣ್ಣ ಬಳಿದ ಹಳೆಯ ಪೆಟ್ಟಿಗೆಯೂ ಹೊಸ ಉತ್ಪನ್ನವೇ ಆಗುತ್ತದೆ.

ದೀರ್ಘಾವಧಿ ಷೇರು

ಅರ್ಥಶಾಸ್ತ್ರಜ್ಞ ಗುಸ್ತಾವೊ ಮಾನ್ಸೊ 2011ರ ತಮ್ಮ ಪ್ರಬಂಧದಲ್ಲಿ ತೋರಿಸಿದ ತತ್ವ ಇಲ್ಲಿ ದಾರಿದೀಪ: ಹೊಸದನ್ನು ಹುಡುಕಬೇಕಾದವರಿಗೆ ಶುರುವಿನ ಸೋಲನ್ನು ಸಹಿಸುವ, ಕೊನೆಯ ಗೆಲುವಿಗೆ ಧಾರಾಳವಾಗಿ ಕೊಡುವ ಕರಾರು ಬೇಕು. ಮೊದಲ ವರ್ಷಗಳಲ್ಲಿ ಹಗುರ, ಕೊನೆಯಲ್ಲಿ ಭಾರ ಇರುವ ವೆಸ್ಟಿಂಗ್ ಎಂದರೆ ಇದೇ.

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2021ರ ಷೇರು ಆಧಾರಿತ ಸೌಲಭ್ಯ ನಿಯಮಗಳಲ್ಲಿ ವೆಸ್ಟಿಂಗ್‌ಗೆ ಕನಿಷ್ಠ ಅವಧಿ ಒಂದು ವರ್ಷ. ಮಾರುಕಟ್ಟೆಯ ರೂಢಿ ವರ್ಷಕ್ಕೆ 25%ರಂತೆ ನಾಲ್ಕು ವರ್ಷ. ಉತ್ಪನ್ನ ಕಂಪನಿಯ ಸಿಇಒಗೆ 0, 10, 20, 30, 40 ಎಂದು ಐದು ವರ್ಷಕ್ಕೆ ಹರಡಿ. ಆಪಲ್ 2011ರಲ್ಲಿ ಟಿಮ್ ಕುಕ್ ಅವರಿಗೆ ಕೊಟ್ಟ ಹತ್ತು ಲಕ್ಷ ಷೇರು ಘಟಕಗಳಲ್ಲಿ ಅರ್ಧಕ್ಕೆ ಐದು ವರ್ಷ, ಉಳಿದರ್ಧಕ್ಕೆ ಹತ್ತು ವರ್ಷ ಕಾಯಬೇಕಿತ್ತು; 2013ರಲ್ಲಿ ಅವರದೇ ಕೋರಿಕೆಯಂತೆ ಅದರ ಒಂದು ಭಾಗವನ್ನು ಷೇರುದಾರರ ಗಳಿಕೆಗೂ ಕಟ್ಟಲಾಯಿತು.

ಒಂದೇ ದೊಡ್ಡ ಕಂತು ಬೇಡ, ಪ್ರತಿವರ್ಷ ಚಿಕ್ಕ ಕಂತು ಕೊಡಿ. ಸಿಇಒಗಳ ಷೇರು ಹೆಚ್ಚಾಗಿ ವೆಸ್ಟ್ ಆಗುವ ತ್ರೈಮಾಸಿಕದಲ್ಲೇ ಆರ್ ಅಂಡ್ ಡಿ ಬೆಳವಣಿಗೆ ಕುಗ್ಗುತ್ತದೆ ಎಂದು ಅಮೆರಿಕದ ಕಂಪನಿಗಳ ಮೇಲಿನ 2017ರ ಅಧ್ಯಯನ ಕಂಡುಕೊಂಡಿದೆ. ಮಾರುವ ದಿನ ಬೆಲೆ ಮೇಲಿರಲಿ ಎಂಬ ಆಸೆ ಸಹಜ. ಕಂತುಗಳು ಒಂದರ ಮೇಲೊಂದು ಹಾಯ್ದು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೈಗೆ ಬಂದರೆ ಯಾವ ಒಂದು ತ್ರೈಮಾಸಿಕವೂ ನಿರ್ಣಾಯಕವಾಗುವುದಿಲ್ಲ.

ಆಯ್ಕೆ ಯಾವುದು, ಇಸಾಪ್ (ನಿಗದಿತ ದರಕ್ಕೆ ಷೇರು ಕೊಳ್ಳುವ ಹಕ್ಕು, ಅಂದರೆ ಆಪ್ಷನ್) ಅಥವಾ ಕಾದ ಮೇಲೆ ನೇರವಾಗಿ ಸಿಗುವ ಷೇರು ಘಟಕವಾದ ಆರ್‌ಎಸ್‌ಯು? ಇಸಾಪ್‌ನಲ್ಲಿ ಷೇರು ಬೆಲೆ ನಿಗದಿತ ದರಕ್ಕಿಂತ ಏರಿದರೆ ಮಾತ್ರ ಲಾಭ, ಇಳಿದರೆ ಸೊನ್ನೆ. ಆರ್‌ಎಸ್‌ಯು ಬೆಲೆ ಇಳಿದರೂ ಏನಾದರೂ ಉಳಿಸುತ್ತದೆ. ಸಾಹಸಕ್ಕೆ ಇಸಾಪ್ ಒಳ್ಳೆಯದು, ಆದರೆ ಮಾರುಕಟ್ಟೆ ಬಿದ್ದಾಗ ಇಡೀ ತಂಡದ ಇಸಾಪ್ ಒಟ್ಟಿಗೇ ಮುಳುಗಿ ಜನ ಹೊರಡುತ್ತಾರೆ. ಡಾಟ್‌ಕಾಂ ಗುಳ್ಳೆ ಒಡೆದ ನಂತರ ಮೈಕ್ರೋಸಾಫ್ಟ್ 2003ರಲ್ಲಿ ಆಪ್ಷನ್ ಬಿಟ್ಟು ನೇರ ಷೇರು ಘಟಕಗಳಿಗೆ ಬಂದದ್ದು ಈ ಹಿನ್ನೆಲೆಯಲ್ಲೇ. ಸಿಇಒ, ಸಿಟಿಒಗೆ ಅರ್ಧ ಅರ್ಧ ಕೊಡಿ. ಅವರ ಕೆಳಗಿನವರಿಗೆ ಆರ್‌ಎಸ್‌ಯು ಹೆಚ್ಚಿರಲಿ. ಮುಳುಗಿದ ಆಪ್ಷನ್ ದರವನ್ನು ಷೇರುದಾರರ ವಿಶೇಷ ನಿರ್ಣಯದ ಮೂಲಕ ಇಳಿಸಲು ಸೆಬಿ ನಿಯಮದಲ್ಲಿ ಅವಕಾಶವಿದೆ. ಎಂಜಿನಿಯರುಗಳಿಗೆ ಇಳಿಸಿ, ಸಿಇಒಗೆ ಬೇಡ.

ಈ ಷೇರುಗಳನ್ನು ಹೀಗೆ ಕಟ್ಟಬಹುದು: 40% ಮೂರನೇ ವರ್ಷದ ಹೊಸ ಉತ್ಪನ್ನ ಲಾಭಕ್ಕೆ, 30% ಸಮಾನ ಕಂಪನಿಗಳೊಂದಿಗೆ ಹೋಲಿಸಿದ ಷೇರುದಾರರ ಒಟ್ಟು ಗಳಿಕೆಗೆ (ಬೆಲೆ ಏರಿಕೆ ಮತ್ತು ಲಾಭಾಂಶ), 30% ಕೆಲಸದಲ್ಲಿ ಉಳಿದ ಕಾಲಕ್ಕೆ ಮಾತ್ರ. ಹೋಲಿಕೆಯಲ್ಲಿ ಮಧ್ಯದ ಸ್ಥಾನಕ್ಕಿಂತ ಕೆಳಗೆ ಸೊನ್ನೆ, ಮಧ್ಯಕ್ಕೆ ಅರ್ಧ, ಮೇಲಿನ ಕಾಲು ಭಾಗದಲ್ಲಿದ್ದರೆ ಪೂರ್ತಿ. ಗಳಿಕೆಯೇ ಋಣಾತ್ಮಕವಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಬೇಡ. ನಿಫ್ಟಿ ಐಟಿ ಸೂಚ್ಯಂಕದಲ್ಲಿ ಬಹುತೇಕ ಸೇವಾ ಕಂಪನಿಗಳೇ ತುಂಬಿರುವುದರಿಂದ ಉತ್ಪನ್ನ ಕಂಪನಿಗೆ ಅದು ಹೋಲಿಕೆಗೆ ಒದಗದು. 12ರಿಂದ 15 ಕಂಪನಿಗಳ ಸ್ವಂತ ಪಟ್ಟಿ ಮಾಡಿ, ಅವಧಿ ಮುಗಿಯುವವರೆಗೆ ಮುಟ್ಟಬೇಡಿ.

ಟೆಸ್ಲಾ ತನ್ನ ಸಿಇಒ ಎಲಾನ್ ಮಸ್ಕ್ ಅವರಿಗೆ ಮಾಡಿದ 2018ರ ಸಂಭಾವನೆ ಯೋಜನೆಯಲ್ಲಿ ಹನ್ನೆರಡು ಮೆಟ್ಟಿಲುಗಳಿದ್ದವು. ಕಂಪನಿಯ ಮಾರುಕಟ್ಟೆ ಮೌಲ್ಯ 100 ಶತಕೋಟಿ ಡಾಲರ್‌ನಿಂದ 50ರಂತೆ ಏರಿ 650ಕ್ಕೆ ಮುಟ್ಟಬೇಕು, ಪ್ರತಿ ಮೆಟ್ಟಿಲಿಗೂ ವಹಿವಾಟು ಅಥವಾ ಲಾಭದ ಒಂದು ಗುರಿ ಜೊತೆಗೂಡಬೇಕು, ಪಡೆದ ಷೇರನ್ನು ಐದು ವರ್ಷ ಮಾರುವಂತಿಲ್ಲ. ಮೊತ್ತದ ದೈತ್ಯ ಗಾತ್ರವನ್ನು ಬದಿಗಿಟ್ಟು ಎರಡು ಬೀಗದ ಉಪಾಯವನ್ನೂ ಐದು ವರ್ಷದ ತಡೆಯನ್ನೂ ಧಾರಾಳವಾಗಿ ಎರವಲು ಪಡೆಯಬಹುದು.

ಆದರೆ ಮಾರಾಟದ ತಡೆ ಹಾಕುವಾಗ ತೆರಿಗೆ ಮರೆಯಬೇಡಿ. ಆರ್‌ಎಸ್‌ಯು ಷೇರಾಗಿ ಕೈಗೆ ಬಂದ ದಿನದ ಮೌಲ್ಯ ಸಂಬಳದ ಭಾಗವಾಗಿ ತೆರಿಗೆಗೆ ಒಳಪಡುತ್ತದೆ, ಕಂಪನಿ ಟಿಡಿಎಸ್ ಹಿಡಿಯಲೇಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಎರಡು ಕೋಟಿ ಮೀರಿದ ಆದಾಯಕ್ಕೆ ಸರ್‌ಚಾರ್ಜ್, ಸೆಸ್ ಸೇರಿ ಗರಿಷ್ಠ ದರ 39%. ಒಂದು ಕೋಟಿಯ ಷೇರು ಬಂದರೆ 39 ಲಕ್ಷ ನಗದು ತಕ್ಷಣ ಬೇಕು. ತೆರಿಗೆಗಾಗುವಷ್ಟು ಷೇರು ಮಾರಲು ಬಿಟ್ಟು, ಉಳಿದ 61%ಕ್ಕೆ ಎರಡು ವರ್ಷದ ತಡೆ ಹಾಕಿ. ಇದನ್ನು ಬರೆಯದಿದ್ದರೆ ಅಧಿಕಾರಿ ಷೇರು ಒತ್ತೆಯಿಟ್ಟು ಸಾಲ ತರುತ್ತಾರೆ. ಬೆಲೆ ಬಿದ್ದ ದಿನ ಸಾಲ ಕೊಟ್ಟವರು ಅದನ್ನು ಮಾರಿಬಿಡುತ್ತಾರೆ. ಒತ್ತೆ ಇಡುವುದನ್ನೂ ಕರಾರಿನಲ್ಲೇ ನಿಷೇಧಿಸಿ.

ಹಣಕಾಸು ಮುಖ್ಯಸ್ಥರಿಗೆ ಒಂದು ಮಾತು. ಷೇರು ಆಧಾರಿತ ಸಂಭಾವನೆಯ ಲೆಕ್ಕದ ಮಾನದಂಡವಾದ ಇಂಡ್ ಎಎಸ್ 102ರಲ್ಲಿ ಉತ್ಪನ್ನ ಬಿಡುಗಡೆಯಂಥ ಷರತ್ತು ಈಡೇರದಿದ್ದರೆ ಆವರೆಗೆ ತೋರಿಸಿದ ಖರ್ಚು ವಾಪಸ್ ಬರುತ್ತದೆ. ಷೇರು ಗಳಿಕೆಯ ಷರತ್ತು ಈಡೇರದೆ ಅಧಿಕಾರಿಗೆ ಏನೂ ಸಿಗದಿದ್ದರೂ ಖರ್ಚು ಹಾಗೇ ಉಳಿಯುತ್ತದೆ. ಎರಡರ ಹಂಚಿಕೆ ತೀರ್ಮಾನಿಸುವ ಮುನ್ನ ಇದನ್ನು ಸಮಿತಿಗೆ ವಿವರಿಸಿ.

ವಾಪಸ್ ಪಡೆಯುವ ಹಕ್ಕು

ಸೋಲನ್ನು ಸಹಿಸಬೇಕು, ಮೋಸವನ್ನಲ್ಲ. ಕಂಪನಿ ಕಾಯ್ದೆಯ 199ನೇ ಸೆಕ್ಷನ್, ವಂಚನೆ ಅಥವಾ ಕಾಯ್ದೆ ಪಾಲಿಸದ ಕಾರಣ ಲೆಕ್ಕಪತ್ರ ತಿದ್ದಬೇಕಾಗಿ ಬಂದರೆ ಹೆಚ್ಚುವರಿಯಾಗಿ ಪಡೆದ ಸಂಭಾವನೆಯನ್ನು ವಸೂಲಿ ಮಾಡಲು ಹೇಳುತ್ತದೆ. ಅಮೆರಿಕದ ಷೇರುಪೇಟೆಯಲ್ಲೂ ಇರುವ ಇನ್ಫೋಸಿಸ್, ವಿಪ್ರೊದಂಥ ಕಂಪನಿಗಳಿಗೆ ಅಲ್ಲಿನ 2022ರ ನಿಯಮ ಅನ್ವಯಿಸುತ್ತದೆ: ಯಾರ ತಪ್ಪಿಲ್ಲದಿದ್ದರೂ ಸರಿ, ಲೆಕ್ಕ ತಿದ್ದಿದರೆ ಹಿಂದಿನ ಮೂರು ವರ್ಷದ ಹೆಚ್ಚುವರಿ ಬೋನಸ್ ವಾಪಸ್, ಅದೂ ಕಟ್ಟಿದ ತೆರಿಗೆ ಕಳೆಯದೆ. ಕೈ ಬಿಟ್ಟು ಹೋದ ಹಣ ವಾಪಸ್ ತರುವುದು ಕಷ್ಟದ ಕೆಲಸ, ಕೋರ್ಟಿನವರೆಗೂ ಹೋಗುತ್ತದೆ. ಬೋನಸ್ಸಿನ ಮೂರನೇ ಒಂದು ಭಾಗವನ್ನು ಎರಡು ವರ್ಷ ತಡೆದಿಟ್ಟುಕೊಂಡರೆ ಕೊಡದೇ ಇರುವ ದಾರಿ ಕೈಯಲ್ಲೇ ಇರುತ್ತದೆ.

ಸಿಇಒ ಒಬ್ಬರಿಗೇ ಮುಗಿಸಬೇಡಿ

ಕಂಪನಿಯ ಆರ್ ಅಂಡ್ ಡಿ ಮುಖ್ಯಸ್ಥರ ಸಂಭಾವನೆಯಲ್ಲಿ ದೀರ್ಘಾವಧಿ ಪಾಲು ಹೆಚ್ಚಿದ್ದ ಕಡೆ, ಬೇರೆಯವರು ಹೆಚ್ಚಾಗಿ ಉಲ್ಲೇಖಿಸುವ, ಅಂದರೆ ತೂಕದ ಪೇಟೆಂಟ್‌ಗಳು ಬಂದವು ಎಂದು 2007ರ ಅಮೆರಿಕದ ಅಧ್ಯಯನ ತೋರಿಸಿದೆ. ಅಲ್ಪಾವಧಿ ಬೋನಸ್ಸಿಗೂ ಅದಕ್ಕೂ ಅಂಥ ನಂಟು ಕಾಣಲಿಲ್ಲ. ಆದರೂ ನಮ್ಮಲ್ಲಿ ಸಿಇಒಗೆ ಐದು ವರ್ಷದ ಷೇರು ಕೊಟ್ಟು ಲ್ಯಾಬ್ ಮುಖ್ಯಸ್ಥರಿಗೆ ತ್ರೈಮಾಸಿಕ ಕೆಪಿಐ, ಅಂದರೆ ಮೂರು ತಿಂಗಳ ಗುರಿ, ಕೊಡುವುದೇ ರೂಢಿ. ನಿಜವಾಗಿ ಯಾವ ಪ್ರಯೋಗ ಮುಂದುವರಿಯಬೇಕು ಎಂದು ತೀರ್ಮಾನಿಸುವುದು ಆ ಎರಡನೇ ಸಾಲು. ಸಿಟಿಒ, ಉತ್ಪನ್ನ ಮುಖ್ಯಸ್ಥರು, ಹಿರಿಯ ಎಂಜಿನಿಯರುಗಳಿಗೂ ಇದೇ ಉದ್ದದ ಷೇರು ಕೊಡಿ.

ಅನುಮತಿ, ಮಿತಿ, ದಿನಾಂಕ

ಸೆಬಿ ನಿಯಮದಂತೆ ಎನ್‌ಆರ್‌ಸಿಯಲ್ಲಿ ಕನಿಷ್ಠ ಮೂವರು, ಎಲ್ಲರೂ ಕಾರ್ಯನಿರ್ವಾಹಕರಲ್ಲದವರು, ಮೂರನೇ ಎರಡರಷ್ಟು ಸ್ವತಂತ್ರ ನಿರ್ದೇಶಕರು ಇರಬೇಕು. ಕಂಪನಿ ಕಾಯ್ದೆಯ 197ನೇ ಸೆಕ್ಷನ್‌ನ ಮಿತಿ: ನಿರ್ದೇಶಕರೆಲ್ಲರ ಸಂಭಾವನೆ ಸೇರಿ ನಿವ್ವಳ ಲಾಭದ 11%, ಒಬ್ಬ ಎಂ.ಡಿ.ಗೆ 5%. ಈ 5% ಮೀರಲು ವಿಶೇಷ ನಿರ್ಣಯ ಬೇಕು. ಕಾಯ್ದೆಯ ಸಂಭಾವನೆಯ ವ್ಯಾಖ್ಯೆಯಲ್ಲಿ ಸಂಬಳದ ಜೊತೆಗಿನ ಸೌಲಭ್ಯಗಳು, ಅಂದರೆ ಆದಾಯ ತೆರಿಗೆಯ ಪರ್ಕ್ವಿಸಿಟ್‌ಗಳೂ ಸೇರಿರುವುದರಿಂದ, ಎಂ.ಡಿ. ಐದು ವರ್ಷದ ಆಪ್ಷನ್‌ಗಳನ್ನು ಒಂದೇ ವರ್ಷ ಬಳಸಿಕೊಂಡರೆ ಆ ವರ್ಷದ 5% ದಾಟಿಹೋಗಬಹುದು. ಕಂಪನಿ ಸೆಕ್ರೆಟರಿ ಪ್ರತಿ ಗ್ರಾಂಟಿಗೂ (ಷೇರು ಮಂಜೂರಾತಿಗೂ) ಮೊದಲು, ಷೇರು ಬೆಲೆ ದುಪ್ಪಟ್ಟು, ಮೂರು ಪಟ್ಟು ಆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಡಬೇಕು. ಮಿತಿ ಮೀರಿ ಪಡೆದದ್ದನ್ನು ಎರಡು ವರ್ಷದೊಳಗೆ ಹಿಂದಿರುಗಿಸಬೇಕಾಗುತ್ತದೆ.

ಉತ್ಪನ್ನ ಇನ್ನೂ ಲಾಭಕ್ಕೆ ಬಾರದ ಕಂಪನಿಗೆ ಕಾಯ್ದೆಯ ಅನುಸೂಚಿ 5 ಅನ್ವಯ. ಪರಿಣಾಮಕಾರಿ ಬಂಡವಾಳ (ಸ್ಥೂಲವಾಗಿ ಷೇರು ಬಂಡವಾಳ, ಮೀಸಲು, ದೀರ್ಘಾವಧಿ ಸಾಲ ಸೇರಿಸಿ, ಹೂಡಿಕೆ ಮತ್ತು ನಷ್ಟ ಕಳೆದದ್ದು) 5 ಕೋಟಿಗಿಂತ ಕಡಿಮೆ ಇದ್ದರೆ ವರ್ಷಕ್ಕೆ 60 ಲಕ್ಷ, 100 ಕೋಟಿವರೆಗೆ 84 ಲಕ್ಷ, 250 ಕೋಟಿವರೆಗೆ 120 ಲಕ್ಷ, ಅದರಾಚೆ ಹೆಚ್ಚುವರಿ ಬಂಡವಾಳದ 0.01% ಸೇರಿಸಿ. ಹೆಚ್ಚು ಬೇಕಾದರೆ ವಿಶೇಷ ನಿರ್ಣಯ. ಅದು ಗರಿಷ್ಠ ಮೂರು ವರ್ಷಕ್ಕೆ. ಒಬ್ಬರಿಗೇ ಒಂದು ವರ್ಷದಲ್ಲಿ ಷೇರು ಬಂಡವಾಳದ 1% ಅಥವಾ ಹೆಚ್ಚು ಆಪ್ಷನ್ ಕೊಡುವುದಾದರೆ ಪ್ರತ್ಯೇಕ ನಿರ್ಣಯ ಬೇಕು. ಸ್ವತಂತ್ರ ನಿರ್ದೇಶಕರಿಗೆ ಆಪ್ಷನ್ ಕೊಡುವಂತಿಲ್ಲ.

ನಿರ್ಣಯದ ವಿವರಣಾ ಟಿಪ್ಪಣಿಯಲ್ಲಿ ಪಾಲುಗಳನ್ನು ಬಿಡಿಸಿ ಬರೆಯಿರಿ. ಇನ್ಫೋಸಿಸ್ ಏಪ್ರಿಲ್ 2023ರಲ್ಲಿ ಸಿಇಒಗೆ ಮಂಜೂರು ಮಾಡಿದ ಷೇರನ್ನು ಷೇರುಪೇಟೆಗೆ ತಿಳಿಸುವಾಗ ವಾರ್ಷಿಕ ಸಾಧನೆಗೆ 34.75 ಕೋಟಿ, ಷೇರುದಾರರ ಗಳಿಕೆಗೆ 5 ಕೋಟಿ, ಪರಿಸರ-ಸಾಮಾಜಿಕ-ಆಡಳಿತದ ಗುರಿಗೆ 2 ಕೋಟಿ, 2019ರ ಯೋಜನೆಯಡಿ 10 ಕೋಟಿ ಎಂದು ಬೇರೆ ಬೇರೆಯಾಗಿ ತೋರಿಸಿತ್ತು. ಹೀಗೆ ಬಿಡಿಸಿದರೆ ಯಾವುದಕ್ಕೆ ಎಷ್ಟು ತೂಕ ಎಂದು ಷೇರುದಾರ ತಾನೇ ನೋಡಬಲ್ಲ. ನಿಮ್ಮ ಟಿಪ್ಪಣಿಯಲ್ಲಿ ಹೊಸ ಉತ್ಪನ್ನದ ಸಾಲು ಎದ್ದು ಕಾಣಬೇಕು.

ಗ್ರಾಂಟ್ ದಿನಾಂಕ ಮುಂಚಿತವಾಗಿಯೇ ನಿಗದಿಯಾಗಿರಲಿ. ಮೇ ತಿಂಗಳ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆದು ಟ್ರೇಡಿಂಗ್ ವಿಂಡೋ (ಕಂಪನಿಯ ಒಳಗಿನವರು ಷೇರು ವ್ಯವಹಾರ ಮಾಡಬಹುದಾದ ಅವಧಿ) ತೆರೆದ ಮೇಲಿನ ಮೊದಲ ಸೋಮವಾರ ಎಂದು ಬರೆದರೆ ಸಾಕು. 2006ರಲ್ಲಿ ಅಮೆರಿಕದ ತಂತ್ರಜ್ಞಾನ ಕಂಪನಿಗಳನ್ನು ನಡುಗಿಸಿದ ಹಗರಣ, ಬೆಲೆ ಕಡಿಮೆಯಿದ್ದ ಹಳೆಯ ದಿನಾಂಕಗಳನ್ನು ಆಪ್ಷನ್ ಪತ್ರಗಳಿಗೆ ಹಾಕಿದ್ದರಿಂದಲೇ ಆದದ್ದು.

ವಾರ್ಷಿಕ ವರದಿ ಕೈಯಲ್ಲಿ ಹಿಡಿದ ಷೇರುದಾರರು ನಿರ್ದೇಶಕರ ವರದಿಯ ಅನುಬಂಧಗಳಿಗೆ ನೇರವಾಗಿ ಹೋಗಿ. ತಂತ್ರಜ್ಞಾನ ಅಳವಡಿಕೆಯ ಅನುಬಂಧದಲ್ಲಿ ಆರ್ ಅಂಡ್ ಡಿ ಖರ್ಚು, ಸಂಭಾವನೆಯ ಅನುಬಂಧದಲ್ಲಿ ಪ್ರತಿ ನಿರ್ದೇಶಕರ ಸಂಬಳ ಮಧ್ಯದ ಉದ್ಯೋಗಿಯ ಸಂಬಳದ ಎಷ್ಟು ಪಟ್ಟು ಎಂಬುದು, ಹಣಕಾಸು ಟಿಪ್ಪಣಿಗಳಲ್ಲಿ ಆಸ್ತಿಯಾಗಿ ತೋರಿಸಿದ ಅಭಿವೃದ್ಧಿ ವೆಚ್ಚ ಸಿಗುತ್ತವೆ. ಐದು ವರ್ಷದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಸಿಇಒ ಬೋನಸ್ ಏರಿದ ವರ್ಷವೇ ಆರ್ ಅಂಡ್ ಡಿ ಇಳಿದಿದ್ದರೆ, ಅಥವಾ ಆಸ್ತಿ ಖಾತೆಗೆ ಹೋದ ಪಾಲು ಏಕಾಏಕಿ ಉಬ್ಬಿದ್ದರೆ, ವಾರ್ಷಿಕ ಮಹಾಸಭೆಯಲ್ಲಿ ಎನ್‌ಆರ್‌ಸಿ ಅಧ್ಯಕ್ಷರನ್ನೇ ಹೆಸರಿಸಿ ಕೇಳಿ: ಬೋನಸ್ ಸೂತ್ರದ ಲಾಭ ಆರ್ ಅಂಡ್ ಡಿ ಕಳೆಯುವ ಮೊದಲಿನದೋ, ಕಳೆದ ನಂತರದ್ದೋ? ಮಹಾಸಭೆಗೆ ಹಾಜರಾಗುವ ಜವಾಬ್ದಾರಿ ಅವರಿಗೆ, ಅಥವಾ ಅವರು ಕಳಿಸಿದ ಸಮಿತಿ ಸದಸ್ಯರಿಗೆ, ಕಾಯ್ದೆಯಲ್ಲೇ ಇದೆ.